ಸೊಟ್ಟಕ್ಕನ ಮೆಶಿನ್ನು

"ಹೆಣ ಆಮೇಲೆ, ಮೊದಲು ಮೆಶಿನ್ ಎತ್ರಪ್ಪಾ!" ಎಂದು ಸತ್ತವಳ ಅಣ್ಣ ಕೂಗಿದ.

ಹೊಲಿಗೆ ಮೆಶಿನ್ನು ಬಾಗಿಲಿಗೆ ಅಡ್ಡ ಕೂತಿತ್ತು. ಅದು ಹೊರಗೆ ಹೋಗದೆ ಸೊಟ್ಟಕ್ಕ ಹೊರಗೆ ಹೋಗುವಂತಿರಲಿಲ್ಲ. ಕೋಣೆ ಅಷ್ಟು ಕಿರಿದು. ಗಲ್ಲಿ ಅದಕ್ಕಿಂತ ಒಂದು ಗೇಣು ಕಮ್ಮಿ.

ಸೊಟ್ಟಕ್ಕ ಎನ್ನುವುದು ಗಲ್ಲಿಯ ಗಂಡಸರು ಟೇಲರಮ್ಮನಿಗೆ ಇಟ್ಟ ಹೆಸರು. ಅವಳು ಹೊಲಿದ ಯಾವ ಬಟ್ಟೆಯೂ ಮೊದಲ ಸಲಕ್ಕೆ ಮೈಗೆ ಕೂತದ್ದಿಲ್ಲ.

"ಒಂದು ಗೌನಿಗೆ ನನ್ನ ಹೆಂಡ್ತಿ ದಿನಾ ಅಲೀತಿದ್ಲು," ಎಂದ ವೆಲ್ಡರ್, ಮೆಶಿನ್ನಿಗೆ ಕೈ ಹಾಕುತ್ತ. "ದಿನಾ ಟ್ರಯಲ್ಲು! ಮದುವೆಗೆ ಮುಂಚೆ ನಾನು ಇಷ್ಟು ಟ್ರಯಲ್ ನೋಡಿದ್ರೆ ಬಚಾವಾಗ್ತಿದ್ದೆ."

"ಈಗ ಹಾಕ್ಕೊಂಡಿರೋದು ಮಾತ್ರ ಎಷ್ಟು ಚೆನ್ನಾಗಿ ಕೂತಿದೆ ನೋಡು," ಎಂದ ಪಂಕ್ಚರ್ ಅಂಗಡಿಯವನು, ಹೆಣವನ್ನು ನೋಡಿ. "ಬೇರೆ ಯಾರೋ ಹೊಲಿದಿರ್ಬೇಕು."

ಗೋಡೆಗೆ ಒತ್ತಿ ನಿಂತಿದ್ದ ಹೆಂಗಸರಲ್ಲಿ ಯಾರೂ ನಗಲಿಲ್ಲ. ವೆಲ್ಡರನ ಹೆಂಡತಿಯ ಕಣ್ಣು ಮೆಶಿನ್ನಿನ ಡ್ರಾಯರಿನ ಮೇಲಿತ್ತು.

*

ಸೊಟ್ಟಕ್ಕನಿಗೆ ನೆಟ್ಟಗೆ ಹೊಲಿಯಲು ಚೆನ್ನಾಗಿಯೇ ಬರುತ್ತಿತ್ತು. ಬೇಕೆಂದೇ ತೋಳು ಬಿಗಿ ಮಾಡುತ್ತಿದ್ದಳು. ಹೆಂಗಸರಿಗೆ ಮತ್ತೆ ಬರಲು ನೆಪ ಬೇಕಿತ್ತಲ್ಲ. ಟ್ರಯಲ್ ಪರದೆಯ ಹಿಂದೆ, ಗಿರಾಕಿಯಂತೆ ಬಂದ ಕ್ಲಿನಿಕ್ಕಿನ ನರ್ಸು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದಳು. ಬೆರಳಿಗೇನಾಯ್ತೆಂದು ಮನೆಯಲ್ಲಿ ಕೇಳಿದರೆ ಉತ್ತರ ಸಿದ್ಧ: ಟೇಲರ್ ಅಂಗಡಿ, ಸೂಜಿ ಚುಚ್ಚಿತು. ಮಡಿಸಿದ ಬಟ್ಟೆಯೊಳಗೆ ಕಾಂಡೋಮ್ ಹೋಗುತ್ತಿತ್ತು. ಟೇಲರಮ್ಮನ ಹೆಸರು ಕೆಟ್ಟಿತು, ಗಲ್ಲಿಯ ಆರೋಗ್ಯ ಕೆಡಲಿಲ್ಲ.

ವೆಲ್ಡರನ ಹೆಂಡತಿ ಮೊದಲ ಸಲ ಬಂದಾಗ ಗೌನಿನ ಮಾತೇ ಎತ್ತಲಿಲ್ಲ.

"ಅವರು ಎಲ್ಲೆಲ್ಲೋ ಹೋಗ್ತಾರಕ್ಕ. ಪರೀಕ್ಷೆ ಮಾಡಿಸ್ಕೊಳಿ ಅಂದ್ರೆ ಕೈ ಎತ್ತಾರೆ. ಕಾಂಡೋಮ್ ಅಂದ್ರೆ, ಯಾವನ ಹತ್ರ ಕಲಿತೆ ಅಂತಾರೆ."

"ಬಿಟ್ಟು ಬರ್ತೀಯಾ?"

"ಎಲ್ಲಿಗಕ್ಕ?"

ಸೊಟ್ಟಕ್ಕ ಅಳತೆಪಟ್ಟಿ ಸುತ್ತಿದಳು. "ಅವನನ್ನ ಆಲ್ಟರ್ ಮಾಡೋದು ನನ್ನ ಕೈಲಾಗಲ್ಲ ಕಣೇ. ನಿನ್ನನ್ನ ಉಳಿಸ್ಕೋಬಹುದು."

ಅವಳಿಗೆ ಸೋಂಕಿಲ್ಲವೆಂದು ಖಾತ್ರಿಯಾದ ಮೇಲೆ ನರ್ಸು ಸೋಂಕು ತಡೆಯುವ ಮಾತ್ರೆ ತಂದುಕೊಟ್ಟಳು. ದಿನಕ್ಕೊಂದು, ತಪ್ಪಿಸುವಂತಿಲ್ಲ. ಗಂಡನೋ ದಿಂಬಿನ ಹೊಟ್ಟೆಯನ್ನೂ ಬಗೆದು ನೋಡುವ ಆಸಾಮಿ. ಹಾಗಾಗಿ ಡಬ್ಬಿ ಮೆಶಿನ್ನಿನ ಡ್ರಾಯರಿನಲ್ಲೇ ಬೀಗದೊಳಗೆ ಉಳಿಯಿತು. ಎರಡನೇ ಕೀಲಿಯನ್ನು ಸೊಟ್ಟಕ್ಕ ಅವಳ ಗೌನಿನ ಅಂಚಿನಲ್ಲಿ ಮಡಿಸಿ ಹೊಲಿದಳು. "ನಾನಿಲ್ಲದ ದಿನಕ್ಕೆ."

*

"ನಾಳೆ ಈ ಮೆಶಿನ್ನು ಗುಜರಿಯವನಿಗೆ ಕೊಡೋದೇ," ಎಂದ ಅಣ್ಣ. "ಡ್ರಾಯರಲ್ಲಿ ಏನಿದ್ಯೋ ನೋಡ್ಬಿಡಿ."

"ಬೀಗ ತಾನೆ? ಒಂದು ಏಟು." ವೆಲ್ಡರ್ ಸ್ಕ್ರೂಡ್ರೈವರ್ ತೆಗೆದ.

ಹೆಂಡತಿ ಕೀಲಿಯಿದ್ದ ಗೌನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಹಿಂದೆ ಗೋಡೆ, ಮುಂದೆ ಗಂಡ, ಪಕ್ಕದಲ್ಲಿ ಹೆಣ.

"ಒಡಿಯಪ್ಪಾ, ಒಡಿ," ಎಂದಳು ಮೊಟ್ಟೆ ಮಾರುವ ಅಜ್ಜಿ. "ಗಲ್ಲಿ ಹೆಂಗಸರ ಒಳಬಟ್ಟೆಯೆಲ್ಲ ರಿಪೇರಿಗೆ ಅದ್ರಲ್ಲೇ ಬಿದ್ದಿರೋದು. ನಿನ್ನ ಹೆಂಡ್ತೀದೇ ಮೊದಲು ಎತ್ತಿ ಎಲ್ರಿಗೂ ತೋರ್ಸು."

ಸ್ಕ್ರೂಡ್ರೈವರ್ ಜೇಬು ಸೇರಿತು.

"ಮೆಶಿನ್ ನಮ್ಮನೇಲಿ ಇಟ್ಕೊಳ್ಳೋಣ ರೀ," ಎಂದಳು ಹೆಂಡತಿ ಮೆಲ್ಲಗೆ.

"ನಿನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ವಲ್ಲೇ!"

"ಇವಳಿಗೇನು ಬರ್ತಿತ್ತು?" ಅಜ್ಜಿ ಹೆಣದ ಕಡೆ ಗದ್ದ ಎತ್ತಿ ತೋರಿಸಿದಳು. "ಹೆಂಡ್ತಿ ಗಲ್ಲಿ ಅಲೆಯೋದು ತಪ್ಪುತ್ತೆ. ಕಣ್ಣೆದುರಿಗೇ ಬಿದ್ದಿರ್ತಾಳೆ."

ಕಣ್ಣೆದುರು ಎಂಬ ಮಾತು ವೆಲ್ಡರನಿಗೆ ಹಿಡಿಸಿತು.

ಮಣ್ಣು ಮಾಡಿ ಬಂದ ಮೇಲೆ ಗುಜರಿ ಬೆಲೆಯನ್ನು ಅಣ್ಣನ ಕೈಗಿಟ್ಟು ಅವನೇ ಮೆಶಿನ್ನನ್ನು ಹೆಗಲ ಮೇಲೆ ಹೊತ್ತು ತಂದ.

"ಒಳಗೇನೇ ಅದು, ಗಲಗಲ ಅಂತಿದೆ?"

"ಗುಂಡಿ."

ಅವನು ಅದನ್ನು ತನ್ನ ಮನೆಯ ಬಾಗಿಲಿಗೆ ಅಡ್ಡಲಾಗಿ ಇಳಿಸಿದ. "ಬರೋರು ಅಲ್ಲೇ ನಿಲ್ಲಲಿ. ನೀನು ಇಲ್ಲೇ ಕೂತಿರು," ಎಂದು ಎದುರಿನ ಮಂಚದ ಮೇಲೆ ಕಾಲು ಚಾಚಿದ.

ಹೊರಗೆ ಆಗಲೇ ಅಜ್ಜಿ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. "ತೋಳು ಬಿಗಿ ಕಣೇ ಮಗಳೇ."

ವೆಲ್ಡರನ ಹೆಂಡತಿ ಮೆಶಿನ್ನಿನ ಹಿಂದೆ ಕೂತು, ಬಗ್ಗಿ, ತನ್ನ ಗೌನಿನ ಅಂಚಿನ ಹೊಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.