ಪುಷ್ಪಮ್ಮನನ್ನು ಕರೆಯಲು ಹೋದದ್ದು

ಭರಣಿಯಿಂದ ಚಿಟಿಕೆ ಕುಂಕುಮ ತೆಗೆದು ಸುಚಿತ್ರಾ, ಸಾಗರದ ನೆಂಟರ ಮನೆಯೊಡತಿಯ ಹಣೆಗಿಟ್ಟಳು. "ನಮ್ಮ ಚೈತ್ರನ ಮದುವೆ, ಎಲ್ಲರೂ ಬರ್ಬೇಕು" ಎಂದು ಬಾಯಿ ಹೇಳುತ್ತಿದ್ದರೂ ಕಣ್ಣು ಎದುರಿನ ಕೆರೆಯ ಮೇಲಿತ್ತು. ತಾವರೆ ಎಲೆಗಳ ಮೇಲೆ ದೇವನಕ್ಕಿಯೊಂದು ಉದ್ದುದ್ದ ಬೆರಳೂರಿ ನಡೆಯುತ್ತಿತ್ತು.

"ಇವಳಿಗೆ ನೆಂಟರಿಗಿಂತ ಹಕ್ಕಿಗಳೇ ಹೆಚ್ಚು" ಎಂದರು ಅತ್ತೆ ಮೀನಾಕ್ಷಮ್ಮ.

"ಹಕ್ಕಿಗಳು ಇನ್ನೊಂದು ಲೋಟ ಕಾಫಿ ಕುಡೀರಿ ಅಂತ ಹಟ ಮಾಡಲ್ವಲ್ಲ ಅತ್ತೆ!"

ಮೈದುನನ ಮಗಳು ಚೈತ್ರಾಳ ಮದುವೆಗೆ ಕರೆಯಲು ಅತ್ತೆ, ಗಂಡ ದಿನೇಶ್, ಅವಳು ಶಿವಮೊಗ್ಗದಿಂದ ಹೊರಟಿದ್ದರು. ಮನೆಯ ಹೆಂಗಸಿಗೆ ಎದುರಿಗೇ ನಿಂತು ಕುಂಕುಮವಿಟ್ಟು ಹೇಳದಿದ್ದರೆ ಅವರ ಕಡೆ ಅದು ಕರೆದಂತೆಯೇ ಅಲ್ಲ. ಅತ್ತೆಗೆ ಮಂಡಿನೋವು, ಹಾಗಾಗಿ ಮೆಟ್ಟಿಲು ಹತ್ತಿಳಿಯುವ ಕೆಲಸವೆಲ್ಲ ಹಿರಿಸೊಸೆಯದು. ಅವಳ ಚೀಲದಲ್ಲಿ ಮದುವೆ ಕಾಗದಗಳ ಅಡಿಯಲ್ಲಿ ಬೈನಾಕ್ಯುಲರ್ ಇತ್ತು.

ಅವಳಿಗೆ ಬೇಕಿದ್ದದ್ದು ಒಂದೇ, ಕಾಕರಣೆ ಹಕ್ಕಿ. ದಟ್ಟ ಕಾಡಿನ ಹಕ್ಕಿ ಅದು. ಎಷ್ಟೋ ಸಲ ದನಿ ಕೇಳಿದ್ದಳು. ಮರದಿಂದ ಮರಕ್ಕೆ ಕಣ್ಣಾಡಿಸುವಷ್ಟರಲ್ಲಿ ದಿನೇಶ್ ಹಾರ್ನ್ ಒತ್ತುತ್ತಿದ್ದ. ಐವತ್ತು ದಾಟಿತು, ದೃಷ್ಟಿ ಮಂಜಾಗುವ ಮೊದಲು ಕಂಡೀತೇ ಎಂಬ ಅಳುಕು ಈಚೆಗೆ ಶುರುವಾಗಿತ್ತು.

ಹೊಸನಗರದ ಹಿನ್ನೀರಿನ ಬಳಿ ರೀವ ಹಕ್ಕಿಗಳು ನೀರಿಗೆ ಬಾಣದಂತೆ ಬೀಳುವುದನ್ನು ಓಡುವ ಕಾರಿನಿಂದಲೇ ನೋಡಿದಳು. ತೀರ್ಥಹಳ್ಳಿ ದಾರಿಯ ಕೊನೆಯ ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು.

"ಪುಷ್ಪ ದರಗೆಲೆ ಗುಡಿಸಕ್ಕೆ ಗುಡ್ಡಕ್ಕೆ ಹೋಗಿದಾಳೆ" ಎಂದರು ಮನೆಯ ಯಜಮಾನ, ಪುಷ್ಪಮ್ಮನ ಗಂಡ ಜಯಪ್ಪ. "ಕಾಗದ ಕೊಟ್ಟು ಹೋಗಿ, ನಾ ಹೇಳ್ತೀನಿ."

ದಿನೇಶ್ ಆಗಲೇ ಕಾರಿನ ಬೀಗದ ಕೈ ತೆಗೆದಿದ್ದ.

"ಸುಮ್ನಿರೋ" ಎಂದರು ಅತ್ತೆ. "ಪುಷ್ಪಂಗೆ ಕುಂಕುಮ ಇಡದೆ ಹೋದ್ರೆ ನಾ ಸತ್ತ ಮೇಲೂ ಆಡ್ಕೊಳ್ತಾಳೆ."

"ನಾ ಹೋಗಿ ಕರೆದು ಬರ್ತೀನಿ ಅತ್ತೆ." ಸುಚಿತ್ರಾ ಚೀಲ ಹೆಗಲಿಗೇರಿಸಿದಳು. ಬೆಳಗಿನಿಂದ ಬೇಸರ ಹುಟ್ಟಿಸಿದ್ದ ಕಟ್ಟಳೆ ಈಗ ಅವಳನ್ನು ಕಾಡಿನೊಳಕ್ಕೆ ಬಿಟ್ಟಿತ್ತು.

ಗುಡ್ಡದ ಮೇಲೆ ಒಣ ಎಲೆ ಗುಡಿಸುವ ಸದ್ದು. ಅದರ ನಡುವೆ, ತೀರ ಹತ್ತಿರದಲ್ಲೇ, ಮೆತ್ತಗೆ, ಆ ಕೂಗು. ಅವಳು ನಿಂತಲ್ಲೇ ನಿಂತಳು. ಕಣ್ಣೆತ್ತರದ ಬಳ್ಳಿಯ ಮೇಲೆ ಒಣಗಿದ ಕೊಂಬೆಯ ತುಂಡಿನಂಥದ್ದೇನೋ ಇತ್ತು.

"ಯಾರೇ ಅದು, ಸುಚಿತ್ರನಾ?" ಪುಷ್ಪಮ್ಮ ಮೇಲಿನಿಂದ ಕೂಗಿದಳು.

ಸುಚಿತ್ರಾ ತುಟಿಗೆ ಬೆರಳಿಟ್ಟಳು. ಹಿರಿಯರೆದುರು ಹಾಗೆ ಮಾಡಿದ್ದು ಜನ್ಮದಲ್ಲಿ ಮೊದಲು. ಪುಷ್ಪಮ್ಮ ಪೊರಕೆ ಹಿಡಿದೇ ಕಲ್ಲಾದಳು.

ಆ ತುಂಡು ಮೆಲ್ಲಗೆ ತಿರುಗಿತು. ಕರೀ ತಲೆ, ಕೊರಳ ಕೆಳಗೊಂದು ಬಿಳಿ ಪಟ್ಟಿ, ಅದರ ಕೆಳಗೆ ಕೆಂಡದಂತೆ ಉರಿಯುವ ಎದೆ. ಬೈನಾಕ್ಯುಲರ್ ಬೇಕೇ ಆಗಲಿಲ್ಲ. ಅದು ಅವಸರವಿಲ್ಲದೆ ಅವಳನ್ನು ನೋಡಿತು; ಅವಳೂ ಕಣ್ತುಂಬ ನೋಡಿದಳು. ಯಾರೂ ಹಾರ್ನ್ ಒತ್ತಲಿಲ್ಲ. ಸಾಕಾಗುವಷ್ಟು ನೋಡಿ ಆದ ಮೇಲೆಯೇ ಅದು ಹಾರಿತು.

"ಹೌದೇನೇ ಮಾರಾಯ್ತಿ! ದಿನಾ ಇಲ್ಲೇ ಕೂಗುತ್ತೆ, ಎದೆ ಹಿಂಗೆ ಕೆಂಪು ಅಂತ ಇವತ್ತೇ ಗೊತ್ತಾಗಿದ್ದು!" ಎಂದಳು ಪುಷ್ಪಮ್ಮ.

ಸುಚಿತ್ರಾ ನಗುತ್ತ ಅವಳ ಹಣೆಗೆ ಕುಂಕುಮವಿಟ್ಟಳು. ಕಣ್ಣು ಇನ್ನೂ ಬಳ್ಳಿಯ ಮೇಲಿತ್ತು, ಕುಂಕುಮ ಹುಬ್ಬಿನವರೆಗೂ ಚೆಲ್ಲಿತು.

"ಕುಂಕುಮ ಇಡಕ್ಕೆ ಇಷ್ಟು ಹೊತ್ತಾ?" ಎಂದ ದಿನೇಶ್, ಕಾರು ತಿರುಗಿಸುತ್ತ.

"ಹೂಂ" ಎಂದಳು. ಮದುವೆ ಮುಗಿದ ಮರುವಾರ ಒಬ್ಬಳೇ ಬೆಳಗಿನ ಬಸ್ಸು ಹತ್ತಿ ಈ ಗುಡ್ಡಕ್ಕೆ ಬರುವುದೆಂದು ಅಷ್ಟರಲ್ಲಿ ನಿಶ್ಚಯಿಸಿ ಆಗಿತ್ತು. ಆಗ ಕುಂಕುಮವಿಟ್ಟು ಕರೆಯಬೇಕಾದವರು ಯಾರೂ ಇರುವುದಿಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿ ಕೂತಳು.