ಎಡಕ್ಕೆ ಎಳೆಯುವ ಗಾಡಿ

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಎಂದಿನಂತೆಯೇ ಬಂತು. ಅವಳ ಕಣ್ಣೆದುರೇ ಹಾಲು ಉಕ್ಕಿ ಹರಿಯಿತು. ಅತ್ತೆ ಬಂದು ಒಲೆ ಆರಿಸಿದರು. ಒಗೆಯುವ ಬಟ್ಟೆಯಲ್ಲಿ ಗಂಡನ ಅಂಗಿಯೊಂದು ಉಳಿದಿತ್ತು. ಜೇಬಿನಲ್ಲಿ ಪೆನ್ನಿನಂಥದ್ದು ಕೈಗೆ ತಗುಲಿತು. ತೆಗೆದು ನೋಡಿದರೆ ಟೈರಿನ ಗಾಳಿ ಅಳೆಯುವ ಗೇಜು, ಹಿಡಿಗೆ ಕೆಂಪು ಟೇಪು ಸುತ್ತಿದೆ.

ಅದು ಚಕ್ರ ನೆಟ್ಟಗೆ ಮಾಡುವ ಅಲೈನ್‌ಮೆಂಟ್ ಅಂಗಡಿಯವನದು, ವಾಪಸು ಕೊಡಬೇಕು ಅಂತ ಮಗ ಹೇಳುತ್ತಲೇ ಇದ್ದ ಎಂದರು ಅತ್ತೆ. ಇನ್ನೊಬ್ಬರ ಹಂಗು ನಮಗೆ ಬೇಡ, ಕೊಟ್ಟು ಬಾ ಎಂದರು.

ಅವಳು ಕಾರಿನ ಕೀಲಿ ತೆಗೆದುಕೊಂಡಳು. ಕಾರು ಮುಟ್ಟದೆ ಬಹಳ ದಿನಗಳಾಗಿದ್ದವು. ಹಿಂದೊಂದು ಸಂಜೆ ಒಬ್ಬಳೇ ಬರುವಾಗ ಎಡಗಡೆಯ ಮುಂದಿನ ಚಕ್ರವನ್ನು ಫುಟ್‌ಪಾತಿನ ಅಂಚಿಗೆ ಹೊಡೆಸಿದ್ದಳು. ಗಂಡ ಆಡಿಕೊಂಡು ನಗುತ್ತಾನೆಂದು ರಿಮ್ಮಿನ ಗೀರಿಗೆ ಕೆಸರು ಮೆತ್ತಿ ತಂದು ನಿಲ್ಲಿಸಿದ್ದಳು. ಮರುದಿನವೇ ಅವನು, ಗಾಡಿ ಎಡಕ್ಕೆ ಎಳೀತಿದೆ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಅವಳು, ರಸ್ತೆಯೇ ವಾಲಿದೆ ಬಿಡಿ ಎಂದಿದ್ದಳು.

ಅವನು ಅಂಗಡಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿ ಬಂದ. ಕೆಲವು ದಿನ ಸುಮ್ಮನಿದ್ದ. ಆಮೇಲೆ, ಮತ್ತೆ ಎಳೀತಿದೆ ಎಂದ. ಎಳೆದರೆ ಅಲೈನ್‌ಮೆಂಟು, ನಡುಗಿದರೆ ಬ್ಯಾಲೆನ್ಸಿಂಗು ಎಂದು ಅಂಗಡಿಯಲ್ಲಿ ಕಲಿತ ಪಾಠವನ್ನು ಊಟಕ್ಕೆ ಕೂತಾಗ ಒಪ್ಪಿಸಿದ. ಕೊನೆಗೊಂದು ದಿನ, ಎಡಗೈಯೇ ಜೋಮು ಹಿಡಿಯುತ್ತೆ ಕಣೇ ಎಂದ.

"ದಿನಾ ಆ ಸ್ಟೇರಿಂಗ್ ಜೊತೆ ಕುಸ್ತಿ ಆಡಿದ್ರೆ ಇನ್ನೇನಾಗುತ್ತೆ? ಗಾಡೀನ ಇನ್ನೊಂದು ಸಲ ತೋರಿಸಿ," ಎಂದಿದ್ದಳು. ತಾನು ಹೊಡೆಸಿದ ಚಕ್ರ ಅಷ್ಟು ಸುಲಭಕ್ಕೆ ಸರಿಹೋಗದು ಎಂದೇ ನಂಬಿದ್ದಳು.

ಅವನು ಬಿದ್ದದ್ದು ಆಫೀಸಿನ ಮೆಟ್ಟಿಲ ಮೇಲೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೊದಲೇನಾದರೂ ಕೈ ಜೋಮು ಹಿಡಿಯುತ್ತಿತ್ತಾ ಎಂದು ಡಾಕ್ಟರು ಕೇಳಿದಾಗ, ಪಕ್ಕದಲ್ಲಿ ಅತ್ತೆ ನಿಂತಿದ್ದರು. ಇಲ್ಲ ಎಂದುಬಿಟ್ಟಳು.

ಗೋದಾಮುಗಳ ಹಿಂದಿನ ರಸ್ತೆ ನೇರವಾಗಿ, ಖಾಲಿಯಾಗಿ ಬಿದ್ದಿತ್ತು. ಅಲ್ಲಿ ಅವಳು ಸ್ಟೇರಿಂಗಿನಿಂದ ಬೆರಳುಗಳನ್ನು ಸಡಿಲಿಸಿದಳು. ಎಳೆಯಲಿ, ಒಂದಿಷ್ಟಾದರೂ ಎಳೆಯಲಿ ಎಂದು ಹಾರೈಸಿದಳು. ಕಾರು ದಾರ ಹಿಡಿದಂತೆ ನೆಟ್ಟಗೆ ಹೋಯಿತು.

ಅಂಗಡಿಯವನನ್ನು ಎಲ್ಲರೂ ಸೀದಣ್ಣ ಎನ್ನುತ್ತಿದ್ದರು. 'ಸೀದಾ ಮಾಡಿಕೊಡ್ತೀನಿ' ಎನ್ನುವುದು ಅವನ ಬಾಯಿಪಾಠ. ಕಾರು ಕಂಡವನೇ ನಗುತ್ತ ಎದ್ದುಬಂದ.

"ಸಾರ್ ಬರ್ಲಿಲ್ವಾ ಮೇಡಂ? ಮತ್ತೆ ಎಳೀತಂತಾ?"

"ಮಷೀನಿಗೆ ಹಾಕಿ ನೋಡಿ," ಎಂದಳು.

ಅವನು ಗೊಣಗಿಕೊಂಡೇ ಚಕ್ರಗಳಿಗೆ ಫಲಕಗಳನ್ನು ಸಿಕ್ಕಿಸಿದ. ನಾಲ್ಕೂ ಚಕ್ರ ಹೇಗೆ ನಿಂತಿವೆ ಎಂಬುದು ಪರದೆಯ ಮೇಲೆ ಮೂಡಿತು. ಸೊಟ್ಟಗಿದ್ದರೆ ಕೆಂಪು, ನೆಟ್ಟಗಿದ್ದರೆ ಹಸಿರು. ಎಲ್ಲ ಹಸಿರಾಗಿತ್ತು. ಮೊದಲ ಸಲವೇ ಸರಿಮಾಡಿದ್ದೆ ಎಂದ. ಮುಂದಿನ ಎಡಚಕ್ರ ಯಾವುದಕ್ಕೋ ಬಡಿದಿತ್ತು, ಅಷ್ಟೆ. ಆಮೇಲೆ ಬಂದಾಗಲೆಲ್ಲ ಗಾಡಿಯಲ್ಲಿ ಏನೂ ಇರಲಿಲ್ಲ. ಸಾರ್ ಕೇಳಲೊಲ್ಲರು. ಗಾಳಿ ಕಮ್ಮಿಯಾದರೂ ಎಳೆಯುತ್ತೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಕೊಳ್ಳಿ ಎಂದು ಗೇಜು ಕೊಟ್ಟು ಸಾಗಹಾಕಿದ್ದನಂತೆ.

"ಗಾಡಿ ಸೀದಾ ಇದೆ ಸಾರ್, ನೀವೇ ಸೊಟ್ಟ ಅಂತ ರೇಗಿಸ್ದೆ. ಅವ್ರೂ ನಕ್ಕರು."

ಆ ಮಾತನ್ನು ಗಂಡ ಮನೆಗೆ ತಂದು ಹೇಳಿದಾಗ ಅವಳೂ ನಕ್ಕಿದ್ದಳು. ಈಗ ಅವನು ತೀರಿಕೊಂಡದ್ದನ್ನೂ ಹೇಗೆ ಎಂಬುದನ್ನೂ ಹೇಳಿದಳು. ಸೀದಣ್ಣ ಕೈಯಲ್ಲಿದ್ದ ಬಟ್ಟೆಯಿಂದ, ಒರೆಸಿದ್ದ ಬೆರಳುಗಳನ್ನೇ ಮತ್ತೆ ಒರೆಸಿಕೊಂಡ. ನಾನು ಹಾಗೆ ಅನ್ನಬಾರದಿತ್ತು ಎಂದು ಮೆಲ್ಲಗೆ ಗೊಣಗಿದ.

ಆ ತಪ್ಪನ್ನು ಅವನ ತಲೆಗೇ ಬಿಟ್ಟು ಅವಳು ಹೊರಟುಬಿಡಬಹುದಿತ್ತು. ಕೀಲಿ ಕೈಯಲ್ಲೇ ಇತ್ತು.

"ನೀವು ನಿಜಾನೇ ಹೇಳಿದ್ರಿ ಅಣ್ಣ," ಎಂದಳು. "ಚಕ್ರ ಹೊಡೆಸಿದ್ದು ನಾನು. ಹೇಳ್ಲಿಲ್ಲ. ಕೈ ಜೋಮು ಅಂದ್ರು, ನಾನು ಗಾಡಿ ಅಂದೆ."

ಅವಳು ಚೀಲದಿಂದ ಗೇಜು ತೆಗೆದಳು. ಇರಲಿ ತಂಗಿ, ಗಾಡಿಯಲ್ಲೇ ಇರಲಿ, ನಿಮಗೆ ಬೇಕಾಗುತ್ತೆ ಎಂದು ಅವನು ಹಿಂದೆ ಸರಿದ.

"ಬೇಡ. ಇದು ನಿಮ್ದು," ಎಂದು ಅವಳು ಗೇಜನ್ನು ಅವನ ಅಂಗೈಯಲ್ಲಿಟ್ಟಳು.