ಬೋಗುಣಿ ಮೇಲಿನ ಕಾಲು

"ಲೇ ತಿಪ್ಪಿ, ಕಣ್ಣಾಗ ಮಣ್ಣು ಬಿದ್ದೈತೇನ? ಆ ಕೆಸರುಗಾಲಾಗ ಚರ್ಚಿಗೆ ಬರ್ತೀಯಲ್ಲ! ಹೋಗು, ನಳದಾಗ ತೊಳಕೊಂಡು ಬಾ."

ಚರ್ಚಿನಲ್ಲಿ ಪ್ರಾರ್ಥನೆ, ಹಾಡು ನಡೆಸುವ ಉಪದೇಶಿ ಜೋಜಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ತಿಪ್ಪಕ್ಕ ಬುಕ್ಕಸಾಗರದ ಬಾಳೆ ತೋಟದಲ್ಲಿ ನೀರು ಹಾಯಿಸಿ ನೆಟ್ಟಗೆ ಬಂದಿದ್ದಳು.

"ತೊಳೆದ ಕಾಲು ತೊಳ್ಯಾಕ ರೆಡ್ಡಿ ಯಾಕ ಬೇಕೋ ಜೋಜಣ್ಣ?" ಎಂದು ಅವನನ್ನು ಸರಿಸಿ ಒಳಗೆ ನಡೆದಳು. ಹಿಂದಿನ ಸಾಲಿನಲ್ಲಿದ್ದ ಕೇರಿಯವರು ಕಿಸಕ್ಕನೆ ನಕ್ಕರು.

ಈಸ್ಟರಿಗೆ ಮುಂಚಿನ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಹನ್ನೆರಡು ಜನರನ್ನು ಬೆಂಚಿನ ಮೇಲೆ ಕೂರಿಸಿ ಕಾಲು ತೊಳೆಯುವುದು ರೂಢಿ. ಕೇರಿಯ ಹೆಂಗಸರನ್ನು ಆ ಬೆಂಚಿಗೆ ಎಂದೂ ಕರೆದವರಿಲ್ಲ. ಈ ಸಲ ತಿಪ್ಪಕ್ಕನನ್ನು ಕರೆದಿದ್ದರು. ಅವಳ ಕಾಲು ತೊಳೆಯುವವರು ಮಾತ್ರ ಫಾದರ್ ಅಲ್ಲ, ಅಕ್ಕಿ ಗಿರಣಿಯ ಇನ್ನಾರೆಡ್ಡಿ. ಅವನೂ ಕ್ರೈಸ್ತನೇ, ಮುತ್ತಜ್ಜನ ಕಾಲದಿಂದ ಮುಂದಿನ ಸಾಲಿನವನು. ಹೋದ ತಿಂಗಳು ಅವಳ ಗಂಡ ಹಂಪಯ್ಯ, ಗಿರಣಿಯ ಹಮಾಲ, ಬಾಯಾರಿ ರೆಡ್ಡಿಯ ಜಗಲಿಯ ಮೇಲಿನ ಕೊಡಕ್ಕೆ ಕೈ ಹಾಕಿದ್ದ. ರೆಡ್ಡಿ ಒದ್ದ. ಮೆಟ್ಟಿಲ ಮೇಲಿಂದ ಉರುಳಿದವನು ಸೊಂಟ ಮುರಿದುಕೊಂಡು ಇನ್ನೂ ಹೊಸಪೇಟೆ ಆಸ್ಪತ್ರೆಯಲ್ಲಿದ್ದ. ತಿಪ್ಪಕ್ಕ ಠಾಣೆಗೆ ಹೋಗಿ ಕಂಪ್ಲೇಂಟ್ ಕೊಟ್ಟಿದ್ದಳು.

ನಿನ್ನೆ ಫಾದರ್ ಅವಳ ಮನೆಗೇ ಬಂದಿದ್ದರು.

"ಪ್ರೀತಿ ಇಲ್ಲದಿದ್ರೆ ನಾವೆಂಥ ಕ್ರೈಸ್ತರಮ್ಮಾ? ಅವರೇ ನಿನ್ನ ಕಾಲು ತೊಳೀತಾರೆ. ನೀನೂ ಕ್ಷಮಿಸು. ಕೇಸು ವಾಪಸ್ ತಗೋ."

"ಒದಿಸ್ಕೊಂಡಾವ ಆಸ್ಪತ್ರ್ಯಾಗ ಮಲಗ್ಯಾನ. ಅವನ ಕಾಲು ಬಿಟ್ಟು ನನ್ನ ಕಾಲು ಯಾಕ್ರಿ ಫಾದರ್?"

"ನಾಲ್ಕು ಜನ ನೋಡಬೇಕಲ್ಲಮ್ಮಾ."

ಯಾವ ನಾಲ್ಕು ಜನ ಎಂಬುದು ಈಗ ಕಾಣುತ್ತಿತ್ತು. ಎಂದೂ ಚರ್ಚಿನ ಮೆಟ್ಟಿಲು ಹತ್ತದ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ಅವನ ಪಕ್ಕ ರೆಡ್ಡಿಯ ಮಗಳು ಮೊಬೈಲ್ ಎತ್ತಿ ಹಿಡಿದಿದ್ದಳು.

ತಿಪ್ಪಕ್ಕ ಬೋಗುಣಿಯ ಮೇಲೆ ಕಾಲು ಚಾಚಿದಳು. ರೆಡ್ಡಿ ಬಿಳಿ ಪಂಚೆ ಎತ್ತಿಕೊಂಡು ಮೊಣಕಾಲೂರಿದ. ತಂಬಿಗೆ ಎತ್ತರಕ್ಕೆ ಹಿಡಿದು ಮೇಲಿಂದ ನೀರು ಬಿಟ್ಟ. ಬೆರಳು ತಾಗಲಿಲ್ಲ. ಅವನ ಮನೆಯಲ್ಲಿ ಹಮಾಲರ ಬೊಗಸೆಗೆ ನೀರು ಬೀಳುವುದೂ ಹೀಗೇ. ಆಮೇಲೆ ಟವೆಲ್ಲನ್ನು ಅವಳ ಮಡಿಲಿಗೆ ಎಸೆದ.

"ಒರೆಸ್ಕೋ."

"ಆಯ್ತು, ಕಾಲು ಇಳಿಸಮ್ಮಾ," ಎಂದರು ಫಾದರ್.

"ಕೆಸರು ಹಂಗ ಐತಲ್ರಿ. ಮುಟ್ಟಿ ತೊಳೀರಿ, ಯಜಮಾನ್ರ."

ರೆಡ್ಡಿ ಹಲ್ಲು ಕಚ್ಚಿ ಪಿಸುಗುಟ್ಟಿದ, "ಬೋಸುಡಿ, ಕೊಬ್ಬು ಬಂತೇನ? ಇಳಸು ಕಾಲು."

"ನನ್ನ ಗಂಡನ್ನ ಒದಿವಾಗ ಮುಟ್ಟಿದ್ರಲ್ಲ," ತಿಪ್ಪಕ್ಕನ ದನಿ ಬಾಗಿಲವರೆಗೂ ಕೇಳಿಸಿತು. "ಈಗೂ ಮುಟ್ರಿ. ಆಮ್ಯಾಲ ಪ್ರೀತಿ ಮಾತಾಡೋಣು."

ಜೋಜಪ್ಪ ಗಡಬಡಿಸಿ ಹಾಡು ಎತ್ತಿದ. ಕೇರಿಯ ಸಾಲಿನಿಂದ ಒಬ್ಬರೂ ದನಿಗೂಡಿಸಲಿಲ್ಲ. ಒಂದು ಸಾಲಿಗೇ ಹಾಡು ನಿಂತಿತು. ರೆಡ್ಡಿಯ ಮಗಳು ಮೊಬೈಲ್ ಇಳಿಸಿದಳು. ಹಿಂದೆ ಕೇರಿಯವರು ಯಾರೋ ತಮ್ಮದನ್ನು ಎತ್ತಿದರು.

ತಿಪ್ಪಕ್ಕ ಕಾಲು ಇಳಿಸಲಿಲ್ಲ. ಬೆರಳ ಸಂದಿಯ ಕೆಸರು ಹನಿಹನಿಯಾಗಿ ಬೋಗುಣಿಗೆ ಬೀಳುತ್ತಿತ್ತು. ರೆಡ್ಡಿಯ ಎರಡೂ ಕೈ ತಂಬಿಗೆಯನ್ನೇ ಹಿಡಿದುಕೊಂಡಿದ್ದವು.